ಖಿನ್ನತೆಯ ಮಾತ್ರೆ ಮತ್ತು ಮೊದಲ ಹದಿನೈದು ದಿನಗಳ ವಾಕರಿಕೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಬೆಳಗಿನಿಂದ ತೆರಿಗೆ ವಸೂಲಿ, ಕುಡಿಯುವ ನೀರಿನ ಕಾಮಗಾರಿ, ಕಸ ವಿಲೇವಾರಿ ಮುಂತಾದ ವಿಷಯಗಳನ್ನು ಆಲಿಸಿದ್ದೀರಿ. ಈಗ ಊಟವಾದ ಮೇಲಿನ ಅವಧಿಯಲ್ಲಿ ವಾಕರಿಕೆಯ ಕುರಿತು ಮಾತನಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಸಮಯ ನಿಗದಿಪಡಿಸಿದವರನ್ನು ತಾವು ಕ್ಷಮಿಸಬೇಕು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ನಾನು ವೈದ್ಯನಲ್ಲ. ಓದಿದ್ದು ಸಿವಿಲ್ ಎಂಜಿನಿಯರಿಂಗ್, ಮಾಡುತ್ತಿರುವುದು ಪಂಚಾಯಿತಿಯ ಕೆಲಸ. ಯಾರಿಗೆ ಯಾವ ಮಾತ್ರೆ, ಎಷ್ಟು ಪ್ರಮಾಣ, ಎಷ್ಟು ತಿಂಗಳು ಎಂಬುದು ಸಂಪೂರ್ಣವಾಗಿ ವೈದ್ಯರಿಗೆ ಸೇರಿದ್ದು. ಆದರೆ ಕೊಟ್ಟ ಮಾತ್ರೆಯನ್ನು ನುಂಗಬೇಕೇ, ಕಪಾಟಿನ ಮೂಲೆಗೆ ಎಸೆಯಬೇಕೇ ಎಂಬ ತೀರ್ಮಾನ ಬಹಳ ಸಲ ಆಸ್ಪತ್ರೆಯಲ್ಲಿ ಆಗುವುದಿಲ್ಲ. ಅದು ಮನೆಯ ಪಡಸಾಲೆಯಲ್ಲಿ ಆಗುತ್ತದೆ, ಹಾಲಿನ ಡೇರಿಯ ಮುಂದೆ ಆಗುತ್ತದೆ, ಸಂಘದ ಸಭೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಆಡುವ ಮಾತಿನಲ್ಲಿ ಆಗುತ್ತದೆ. ಆ ಜಾಗಗಳಲ್ಲೆಲ್ಲ ಇರುವವರು ತಾವು. ಆದುದರಿಂದ ಈ ವಿಷಯ ತಮಗೆ ಸೇರಿದ್ದೆಂದು ನಾನು ಭಾವಿಸುತ್ತೇನೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. ಅದರ ಪ್ರಕಾರ ದೇಶದಲ್ಲಿ ಸುಮಾರು ಇಪ್ಪತ್ತು ಜನ ವಯಸ್ಕರಲ್ಲಿ ಒಬ್ಬರು ತಮ್ಮ ಜೀವಿತದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗುತ್ತಾರೆ. ಹಾಗೆ ಒಳಗಾದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಈ ಲೆಕ್ಕವನ್ನು ತಮ್ಮ ವಾರ್ಡಿನ ಮತದಾರರ ಪಟ್ಟಿಯ ಮೇಲೆ ಇಟ್ಟು ನೋಡಿರಿ. ನಾನೂರು ಮತದಾರರಿರುವ ವಾರ್ಡಿನಲ್ಲಿ ಇಪ್ಪತ್ತು ಮಂದಿ ಎಂದಾಗುತ್ತದೆ. ಅವರಲ್ಲಿ ಇಬ್ಬರು ಮೂವರ ಹೆಸರು ತಮಗೆ ಗೊತ್ತಿರಬಹುದು, ಉಳಿದವರದು ಗೊತ್ತಿರಲಿಕ್ಕಿಲ್ಲ.

ಹಳ್ಳಿಯಲ್ಲಿ ಖಿನ್ನತೆಗೆ ಮದ್ದು ಸಿಗುವಂತೆ ಮಾಡಿದ ಕೆಲಸದಲ್ಲಿ ನಮ್ಮ ರಾಜ್ಯದ ಹೆಸರು ದೊಡ್ಡದು. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ ಮಾನಸಿಕ ಕಾಯಿಲೆಗಳಿಗೆ ಅಲ್ಲಿಯೇ ಚಿಕಿತ್ಸೆ ದೊರೆಯುವಂತೆ ಮಾಡಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನಮ್ಮಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಮಂಗಳವಾರಗಳಂದು ಬರುವ ವ್ಯವಸ್ಥೆಯೂ ಇದೆ. ಇಷ್ಟೆಲ್ಲ ದಾರಿ ಸವೆಸಿ, ನಾಚಿಕೆ ಬಿಟ್ಟು, ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಿ ಮಾತ್ರೆ ತಂದ ವ್ಯಕ್ತಿ ನಾಲ್ಕನೆಯ ದಿನ ಅದನ್ನು ಬಿಟ್ಟುಬಿಟ್ಟರೆ ಮೊದಲಿನ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಬಿಡುವುದಕ್ಕೆ ಕಾರಣ ಕೇಳಿದರೆ ನಮ್ಮ ಜನ ಒಂದೇ ಮಾತು ಹೇಳುತ್ತಾರೆ: "ಆ ಗುಳಿಗೆ ನನಗೆ ಆಗಿಬರಲಿಲ್ಲ." ಆಗಿಬರಲಿಲ್ಲ ಎಂಬ ಆ ಮಾತಿನೊಳಗೆ ಹೆಚ್ಚಾಗಿ ಇರುವುದು ವಾಕರಿಕೆ.

ಖಿನ್ನತೆಗೆ ಇಂದು ಹೆಚ್ಚಾಗಿ ಕೊಡುವ ಮಾತ್ರೆಗಳು ಎಸ್ಸಿಟಲೋಪ್ರಾಮ್, ಸೆರ್ಟ್ರಾಲಿನ್, ಫ್ಲುವಾಕ್ಸೆಟಿನ್ ಎಂಬ ಹೆಸರಿನವು. ಇವು ಒಂದೇ ಗುಂಪಿಗೆ ಸೇರಿದವು. ಇವುಗಳನ್ನು ಆರಂಭಿಸಿದವರಲ್ಲಿ ಸರಿಸುಮಾರು ಐವರಲ್ಲಿ ಒಬ್ಬರಿಗೆ ವಾಕರಿಕೆ ಕಾಣಿಸಿಕೊಳ್ಳುತ್ತದೆ. ಮಾತ್ರೆಯಿಂದ ಮಾತ್ರೆಗೆ ಈ ಪ್ರಮಾಣ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಅಮಿಟ್ರಿಪ್ಟಿಲಿನ್ ಎಂಬ ಹಳೆಯ ಮಾತ್ರೆಯೂ ಬಳಕೆಯಲ್ಲಿದೆ. ಅದರಲ್ಲಿ ಬಾಯಿ ಒಣಗುವುದು, ಮಲಬದ್ಧತೆ, ತೂಕಡಿಕೆ ಇವುಗಳ ಕಾಟ ಹೆಚ್ಚು. ಅದನ್ನು ಇಲ್ಲಿಗೆ ಬಿಡುತ್ತೇನೆ.

ಮನಸ್ಸಿನ ಕಾಯಿಲೆಗೆ ಕೊಟ್ಟ ಮಾತ್ರೆ ಹೊಟ್ಟೆಯನ್ನೇಕೆ ತೊಳಸಬೇಕು ಎಂಬ ಪ್ರಶ್ನೆ ಸಹಜ. ಈ ಮಾತ್ರೆಗಳು ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ಅದು ಮೆದುಳಿನಲ್ಲಿ ನರದಿಂದ ನರಕ್ಕೆ ಸಂದೇಶ ಒಯ್ಯುವ ವಸ್ತು. ಆದರೆ ನಮ್ಮ ಶರೀರದಲ್ಲಿರುವ ಸೆರೊಟೋನಿನ್‌ನ ಸುಮಾರು ನೂರಕ್ಕೆ 90 ಭಾಗ ಇರುವುದು ಕರುಳಿನಲ್ಲಿ. ಕರುಳಿನ ಚಲನೆಯನ್ನು ಅದು ನಿಯಂತ್ರಿಸುತ್ತದೆ, ಹಾಳಾದ ಆಹಾರ ಒಳಗೆ ಹೋದಾಗ ಮೆದುಳಿನ ವಾಂತಿಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುವುದೂ ಅದೇ. ನುಂಗಿದ ಮಾತ್ರೆಗೆ ಮೆದುಳು ಬೇರೆ, ಕರುಳು ಬೇರೆ ಎಂಬ ಭೇದವಿಲ್ಲ. ಎರಡೂ ಕಡೆ ಸೆರೊಟೋನಿನ್‌ನ ಪ್ರಭಾವ ಏಕಕಾಲಕ್ಕೆ ಏರುತ್ತದೆ. ಕರುಳಿನ ನರಗಳು ಗಾಬರಿಗೊಂಡು ತಪ್ಪು ಸುದ್ದಿ ಕಳಿಸುತ್ತವೆ. ಕೆಲವು ದಿನಗಳಲ್ಲಿ ಆ ನರಗಳು ಹೊಸ ಮಟ್ಟಕ್ಕೆ ಒಗ್ಗಿಕೊಳ್ಳುತ್ತವೆ, ಸುದ್ದಿ ನಿಲ್ಲುತ್ತದೆ. ಬಹುತೇಕರಲ್ಲಿ ಇದು ಒಂದೆರಡು ವಾರಗಳ ಮಾತು. ನಮ್ಮಲ್ಲಿ ಇದಕ್ಕೆ ಪಿತ್ತ ಕೆರಳಿತು, ಮಾತ್ರೆ ಉಷ್ಣವಾಯಿತು ಎಂದೆಲ್ಲ ಹೇಳುವುದುಂಟು. ಹೆಸರು ಏನೇ ಇಡಲಿ, ಹೊಟ್ಟೆ ಕೆಟ್ಟುಹೋಯಿತು ಎಂದಾಗಲಿ, ಮಾತ್ರೆ ವಿಷವಾಯಿತು ಎಂದಾಗಲಿ ಅದರ ಅರ್ಥವಲ್ಲ.

ಇಲ್ಲಿಯೇ ನಿಜವಾದ ತೊಡಕು ಇರುವುದು. ವಾಕರಿಕೆ ಮೊದಲ ದಿನವೋ ಎರಡನೆಯ ದಿನವೋ ಬರುತ್ತದೆ. ಗುಣ ಕಾಣಿಸಿಕೊಳ್ಳಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ಣ ಪರಿಣಾಮಕ್ಕೆ ಆರರಿಂದ ಎಂಟು ವಾರ ಬೇಕಾಗಬಹುದು. ಅಂದರೆ ಮೊದಲ ಹದಿನೈದು ದಿನ ರೋಗಿಗೆ ಕೈಗೆ ಸಿಗುವುದು ತೊಂದರೆ ಮಾತ್ರ, ಲಾಭ ಏನೂ ಇಲ್ಲ. ಮೊದಲೇ ಬದುಕಿನಲ್ಲಿ ಆಸೆ ಕಳೆದುಕೊಂಡವರಿಗೆ, ಅನ್ನ ಸೇರದೆ ಸೊರಗಿದವರಿಗೆ, ಇದರ ಮೇಲೆ ವಾಕರಿಕೆಯೂ ಬಂದರೆ ಅವರು ಮಾತ್ರೆಯನ್ನು ಬಿಡುವುದರಲ್ಲಿ ಆಶ್ಚರ್ಯವೇನಿಲ್ಲ. ಅವರನ್ನು ಹೇಡಿಗಳೆಂದು ಬೈಯುವವರಿದ್ದಾರೆ. ಆ ಬೈಗುಳ ನನಗೆ ಒಪ್ಪಿಗೆಯಿಲ್ಲ. ಯಾರೂ ಮುಂಚಿತವಾಗಿ ಹೇಳದೆ ಇದ್ದುದೇ ಅಲ್ಲಿನ ಕೊರತೆ.

ನನ್ನ ಓದಿಗೆ ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ. ಹೊಸ ಪೈಪ್‌ಲೈನಿಗೆ ಮೊದಲ ಬಾರಿ ನೀರು ಬಿಟ್ಟಾಗ ನಲ್ಲಿಯಲ್ಲಿ ಕೆಂಪು ನೀರು ಬರುತ್ತದೆ. ಅದು ಎರಡು ಮೂರು ದಿನ ಬರುತ್ತದೆಂದು ಮೊದಲೇ ಡಂಗುರ ಸಾರಿಸಿದರೆ ಜನ ಕಾಯುತ್ತಾರೆ. ಸಾರಿಸದಿದ್ದರೆ ಕೊಡ ಹಿಡಿದು ಪಂಚಾಯಿತಿ ಕಚೇರಿಯ ಮುಂದೆ ನಿಲ್ಲುತ್ತಾರೆ. ಎರಡೂ ಸಂದರ್ಭದಲ್ಲಿ ನೀರು ಒಂದೇ, ಜನರೂ ಅವರೇ. ಆದರೆ ಹತ್ತು ಹದಿನೈದು ದಿನವಾದರೂ ಕೆಂಪು ನೀರೇ ಬರುತ್ತಿದ್ದರೆ ಎಲ್ಲೋ ಒಡೆದಿದೆಯೆಂದು ಅರ್ಥ, ಆಗ ಅಗೆದು ನೋಡಲೇಬೇಕು. ಮಾತ್ರೆಯ ವಾಕರಿಕೆಯ ವಿಷಯದಲ್ಲೂ ಈ ಎರಡು ಮಾತುಗಳನ್ನೂ ಜೊತೆಯಲ್ಲಿಯೇ ಹೇಳಬೇಕು. ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ಬಿಟ್ಟರೆ ನಾವೇ ಅಪಾಯಕ್ಕೆ ದಾರಿ ಮಾಡಿಕೊಟ್ಟಂತಾಗುತ್ತದೆ.

ಈಗ ಮನೆಯಲ್ಲಿ ಏನು ಮಾಡಬಹುದೆಂಬುದಕ್ಕೆ ಬರುತ್ತೇನೆ.

ಮಾತ್ರೆಯನ್ನು ಹೊಟ್ಟೆ ತುಂಬಿದ ಮೇಲೆ ನುಂಗುವುದು ಎಲ್ಲಕ್ಕಿಂತ ಮುಖ್ಯವಾದುದು. ಇದು ಎಲ್ಲರಿಗೂ ಗೊತ್ತಿರುವ ಮಾತೆಂದು ತಾವು ಹೇಳಬಹುದು. ಆದರೆ ನಮ್ಮ ಕೂಲಿಕಾರರ ದಿನಚರಿಯನ್ನು ನೋಡಿರಿ. ಬೆಳಿಗ್ಗೆ ಆರಕ್ಕೆ ಒಂದು ಲೋಟ ಚಹಾ, ಅದರೊಂದಿಗೆ ಮಾತ್ರೆ, ಏಳಕ್ಕೆ ಹೊಲದಲ್ಲಿ. ಬುತ್ತಿ ಬಿಚ್ಚುವುದು ಹತ್ತರ ಮೇಲೆ. ಚೀಟಿಯಲ್ಲಿ "ಬೆಳಿಗ್ಗೆ ಒಂದು" ಎಂದು ಬರೆದಿದ್ದಾರೆ, ಅವರು ಅದನ್ನು ಅಕ್ಷರಶಃ ಪಾಲಿಸಿದ್ದಾರೆ. ಖಾಲಿ ಹೊಟ್ಟೆ, ಚಹಾ, ಬಿಸಿಲು, ಬಗ್ಗಿ ಮಾಡುವ ಕಳೆ ಕೆಲಸ, ಇವು ನಾಲ್ಕೂ ಕೂಡಿದರೆ ಮಾತ್ರೆಯಿಲ್ಲದೆಯೇ ಹೊಟ್ಟೆ ತೊಳಸುತ್ತದೆ. ಅಂತಹವರು ಬುತ್ತಿ ಉಂಡ ಮೇಲೆ ನುಂಗಬಹುದೇ, ಅಥವಾ ರಾತ್ರಿ ಊಟದ ನಂತರ ನುಂಗಬಹುದೇ ಎಂದು ವೈದ್ಯರನ್ನು ಕೇಳಬೇಕು. ಅನೇಕರಿಗೆ ರಾತ್ರಿಯ ಹೊತ್ತು ಅನುಕೂಲ, ಏಕೆಂದರೆ ವಾಕರಿಕೆಯ ಹೊತ್ತು ನಿದ್ದೆಯಲ್ಲಿ ಕಳೆದುಹೋಗುತ್ತದೆ. ಆದರೆ ಫ್ಲುವಾಕ್ಸೆಟಿನ್‌ನಂತಹ ಮಾತ್ರೆ ಕೆಲವರ ನಿದ್ದೆ ಕೆಡಿಸುವುದರಿಂದ ಅದನ್ನು ಸಾಮಾನ್ಯವಾಗಿ ಬೆಳಿಗ್ಗೆಯೇ ಕೊಡುತ್ತಾರೆ. ಆದುದರಿಂದ ಹೊತ್ತು ಬದಲಿಸುವ ಮುನ್ನ ಒಂದು ಮಾತು ಕೇಳುವುದು ಒಳ್ಳೆಯದು.

ಉಪವಾಸದ ದಿನಗಳನ್ನು ನಾವು ಮರೆಯಬಾರದು. ಸೋಮವಾರವೋ ಶನಿವಾರವೋ ಒಪ್ಪೊತ್ತು ಮಾಡುವವರು, ಏಕಾದಶಿ ಹಿಡಿಯುವವರು ನಮ್ಮಲ್ಲಿ ಬಹಳ. ವಾರದಲ್ಲಿ ಆರು ದಿನ ಸುಮ್ಮನಿದ್ದ ಹೊಟ್ಟೆ ಏಳನೆಯ ದಿನ ತೊಳಸಿತೆಂದರೆ ಮಾತ್ರೆಯ ಮೇಲೆ ದೂರು ಬರುತ್ತದೆ. ಉಪವಾಸ ಬಿಡಿರೆಂದು ಹೇಳಲು ನಾವು ಯಾರು? ಉಣ್ಣುವ ಹೊತ್ತಿಗೆ ಮಾತ್ರೆಯನ್ನು ಸರಿಸಿಕೊಳ್ಳಲು ಸಾಧ್ಯವೇ ಎಂದು ಮೊದಲೇ ಕೇಳಿಟ್ಟುಕೊಂಡರೆ ಸಾಕು. ರಂಜಾನ್ ತಿಂಗಳಲ್ಲಿ ರೋಜಾ ಇರುವವರೂ ಹಾಗೆಯೇ ಇಫ್ತಾರಿನ ಊಟದ ನಂತರಕ್ಕೆ ಹೊತ್ತು ಹೊಂದಿಸಿಕೊಳ್ಳುವ ಬಗ್ಗೆ ತಿಂಗಳು ಆರಂಭವಾಗುವ ಮುನ್ನವೇ ವೈದ್ಯರೊಂದಿಗೆ ಮಾತನಾಡಬೇಕು.

ಊಟದ ವಿಷಯಕ್ಕೆ ಬಂದರೆ, ಒಂದೇ ಸಲ ಹೊಟ್ಟೆ ಬಿರಿಯ ಉಣ್ಣುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಉಣ್ಣುವುದು ಉತ್ತಮ. ಗಂಜಿ, ಮಜ್ಜಿಗೆ ಅನ್ನ, ರಾಗಿ ಅಂಬಲಿ, ಇಡ್ಲಿ, ಒಣ ರೊಟ್ಟಿಯ ತುಂಡು, ಮಂಡಕ್ಕಿ, ಇವು ಹೊಟ್ಟೆಗೆ ಭಾರವಾಗವು. ಎಣ್ಣೆಯಲ್ಲಿ ಕರಿದದ್ದು, ಖಾರದ ಸಾರು, ಜಿಡ್ಡಿನ ಬಾಡೂಟ ಇವನ್ನು ಎರಡು ವಾರ ದೂರವಿಟ್ಟರೆ ಒಳ್ಳೆಯದು. ವಾಕರಿಕೆ ಇರುವವರಿಗೆ ತಿನ್ನುವುದಕ್ಕಿಂತ ವಾಸನೆಯೇ ಹೆಚ್ಚು ಕಾಡುತ್ತದೆ. ಅದರಲ್ಲೂ ಅಡುಗೆ ಮಾಡುವವರೇ ರೋಗಿಯಾಗಿದ್ದರೆ ಒಗ್ಗರಣೆಯ ಘಾಟು ಸಹಿಸಲಾಗುವುದಿಲ್ಲ. ಆ ಹದಿನೈದು ದಿನ ಒಗ್ಗರಣೆ ಹಾಕುವ ಕೆಲಸವನ್ನು ಮನೆಯ ಬೇರೆಯವರು ವಹಿಸಿಕೊಳ್ಳಲಿ, ಗಂಡಸರಾದರೂ ಅಡ್ಡಿಯಿಲ್ಲ. ನೀರನ್ನು ಒಮ್ಮೆಗೇ ಚೊಂಬುಗಟ್ಟಲೆ ಕುಡಿಯದೆ ಗುಟುಕು ಗುಟುಕಾಗಿ ದಿನವಿಡೀ ಕುಡಿಯಬೇಕು. ಉಂಡ ಕೂಡಲೇ ಅಡ್ಡಾಗಬಾರದು.

ಶುಂಠಿಯ ಬಗ್ಗೆ ಕೇಳುವವರಿದ್ದಾರೆ. ಬಸುರಿನ ವಾಕರಿಕೆಯಲ್ಲಿ ಶುಂಠಿಯಿಂದ ಪ್ರಯೋಜನವಾಗುವುದು ಅಧ್ಯಯನಗಳಲ್ಲಿ ಕಂಡಿದೆ. ಅಡುಗೆಯಲ್ಲಿ ಬಳಸುವಷ್ಟು ಶುಂಠಿ, ಜೀರಿಗೆ ನೀರು, ನಿಂಬೆಹಣ್ಣಿನ ಪಾನಕ ಇವುಗಳಿಂದ ಬಾಯಿಗೆ ಹಿತವೆನಿಸಿದರೆ ಧಾರಾಳವಾಗಿ ತೆಗೆದುಕೊಳ್ಳಲಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಮಾತ್ರ ಶುಂಠಿಯ ಕಷಾಯವನ್ನು ಲೋಟಗಟ್ಟಲೆ ಕುಡಿಯಬಾರದು. ಹೊಗೆಸೊಪ್ಪು, ಗುಟ್ಕಾ, ಬೀಡಿ ಇವೆಲ್ಲ ವಾಕರಿಕೆಯನ್ನು ಹೆಚ್ಚಿಸುತ್ತವೆ. ಹೆಂಡದ ವಿಷಯ ಹೇಳಬೇಕಾಗಿಲ್ಲ. ಅದು ಹೊಟ್ಟೆಯನ್ನೂ ಕೆಡಿಸುತ್ತದೆ, ಖಿನ್ನತೆಯನ್ನೂ ಹೆಚ್ಚಿಸುತ್ತದೆ.

ಇಷ್ಟಾದರೂ ತಡೆಯಲಾಗದಿದ್ದರೆ ವೈದ್ಯರ ಕೈಯಲ್ಲಿ ದಾರಿಗಳಿವೆ. ಪ್ರಮಾಣವನ್ನು ತಗ್ಗಿಸಿ ನಿಧಾನವಾಗಿ ಏರಿಸುವುದು ಒಂದು. ಎಸ್ಸಿಟಲೋಪ್ರಾಮ್ ಸಾಮಾನ್ಯವಾಗಿ 10 ಮಿಲಿಗ್ರಾಂನಿಂದ ಆರಂಭವಾಗುತ್ತದೆ, ಸೂಕ್ಷ್ಮ ಪ್ರಕೃತಿಯವರಿಗೆ 5 ಮಿಲಿಗ್ರಾಂನಿಂದ ಆರಂಭಿಸುವುದುಂಟು. ಮಾತ್ರೆಯನ್ನೇ ಬದಲಿಸುವುದು ಮತ್ತೊಂದು. ಮಿರ್ಟಾಜಪೀನ್‌ನಂತಹ ಬೇರೆ ಗುಂಪಿನ ಮಾತ್ರೆಗಳಲ್ಲಿ ವಾಕರಿಕೆ ಕಡಿಮೆ. ಹೀಗೆ ಬದಲಿಸಬಹುದೆಂಬ ಸಂಗತಿಯೇ ನಮ್ಮ ಜನರಿಗೆ ಗೊತ್ತಿಲ್ಲ. ಒಂದು ಮಾತ್ರೆ ಒಗ್ಗದಿದ್ದರೆ ಖಿನ್ನತೆಯ ಮದ್ದೇ ಒಗ್ಗದೆಂದು ತಿಳಿದು ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಮಾಡಬಾರದ ಕೆಲಸಗಳೂ ಇವೆ, ಅವು ನಡೆಯುವುದು ಔಷಧಿ ಅಂಗಡಿಯಲ್ಲಿ. ಹೊಟ್ಟೆ ತೊಳಸಿದ ಕೂಡಲೇ ಗ್ಯಾಸ್ ಮಾತ್ರೆ ಕೊಳ್ಳುವ ರೂಢಿ ನಮ್ಮಲ್ಲಿ ಮನೆಮನೆಗೂ ಇದೆ. ಅವುಗಳಲ್ಲಿ ಒಂದಾದ ಒಮೆಪ್ರಜೋಲ್, ಎಸ್ಸಿಟಲೋಪ್ರಾಮ್ ಶರೀರದಿಂದ ಹೊರಹೋಗುವುದನ್ನು ನಿಧಾನಗೊಳಿಸಿ ರಕ್ತದಲ್ಲಿ ಅದರ ಪ್ರಮಾಣವನ್ನು ಹೆಚ್ಚಿಸುತ್ತದೆ. ವಾಕರಿಕೆಗೆಂದು ನುಂಗಿದ ಗುಳಿಗೆಯೇ ವಾಕರಿಕೆಯ ಮೂಲವನ್ನು ಬೆಳೆಸಿದಂತಾಯಿತು. ವಾಂತಿ ನಿಲ್ಲಿಸಲು ಕೊಡುವ ಆಂಡಾನ್ಸೆಟ್ರಾನ್ ಮಾತ್ರೆಯನ್ನು ಎಸ್ಸಿಟಲೋಪ್ರಾಮ್ ಜೊತೆಗೆ ಸೇವಿಸಿದರೆ ಕೆಲವರಲ್ಲಿ ಹೃದಯ ಬಡಿತದ ಲಯ ತಪ್ಪುವ ಸಂಭವವಿದೆ. ವೈದ್ಯರು ನೋಡಿ ಕೊಟ್ಟರೆ ಬೇರೆ ಮಾತು, ನಾವಾಗಿ ಕೊಳ್ಳುವಂತಿಲ್ಲ. ಮೈಕೈ ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳನ್ನು ಕಡಲೆಕಾಯಿಯಂತೆ ನುಂಗುವವರನ್ನು ಎಲ್ಲರೂ ಕಂಡಿದ್ದೇವೆ. ಅವು ಖಿನ್ನತೆಯ ಈ ಮಾತ್ರೆಗಳೊಂದಿಗೆ ಸೇರಿದರೆ ಜಠರದಲ್ಲಿ ರಕ್ತಸ್ರಾವವಾಗುವ ಅಪಾಯ ಹೆಚ್ಚುತ್ತದೆ. ಟ್ರಮಡಾಲ್ ಎಂಬ ನೋವಿನ ಮಾತ್ರೆ ಇನ್ನೂ ಅಪಾಯಕಾರಿ. ಆದುದರಿಂದ ಬೇರೆ ಯಾವ ಕಾಯಿಲೆಗೆ ಎಲ್ಲಿ ಹೋದರೂ ಖಿನ್ನತೆಯ ಮಾತ್ರೆಯ ಚೀಟಿಯನ್ನು ಜೊತೆಗೆ ಒಯ್ದು ತೋರಿಸಬೇಕು.

ಮಾತ್ರೆ ನುಂಗಿದ ಮೇಲೆ ವಾಂತಿಯಾದರೆ ತಾವಾಗಿಯೇ ಇನ್ನೊಂದು ನುಂಗಬಾರದು. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಬಾರದು. ನಿಧಾನವಾಗಿ ಕರಗುವಂತೆ ತಯಾರಿಸಿದ ಕ್ಯಾಪ್ಸೂಲುಗಳನ್ನು ಜಗಿಯಬಾರದು, ಪುಡಿ ಮಾಡಬಾರದು.

ಇನ್ನು ಕೆಂಪು ನೀರು ನಿಲ್ಲದ ಸಂದರ್ಭಗಳು. ನೀರೂ ನಿಲ್ಲದಂತೆ ವಾಂತಿಯಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಮಲ ಡಾಂಬರಿನಂತೆ ಕಪ್ಪಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೈ ನಡುಕ, ಬೆವರು, ಜ್ವರ, ಭೇದಿ, ತಡೆಯಲಾಗದ ಚಡಪಡಿಕೆ ಇವು ಕೂಡಿ ಬಂದರೆ ಸೆರೊಟೋನಿನ್ ಮಿತಿಮೀರಿರುವ ಲಕ್ಷಣವಿರಬಹುದು, ಅದಕ್ಕೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು. ವಯಸ್ಸಾದವರಲ್ಲಿ, ಅದರಲ್ಲೂ ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಲ್ಲಿ, ರಕ್ತದ ಸೋಡಿಯಂ ಅಂಶ ಇಳಿಯುವುದುಂಟು. ಆಗಲೂ ಮೊದಲು ಕಾಣುವುದು ವಾಕರಿಕೆಯೇ, ಅದರ ಬೆನ್ನಿಗೆ ತಲೆನೋವು, ನಿಶ್ಶಕ್ತಿ, ಮಾತಿನಲ್ಲಿ ಗೊಂದಲ. "ಅಜ್ಜಿಗೆ ವಯಸ್ಸಾಯಿತು, ಅರಳುಮರಳು" ಎಂದು ಬಿಡದೆ ರಕ್ತ ಪರೀಕ್ಷೆ ಮಾಡಿಸಬೇಕು. ಅಲ್ಲದೆ ಎಲ್ಲ ವಾಕರಿಕೆಗೂ ಮಾತ್ರೆಯೇ ಕಾರಣವೆಂದು ಭಾವಿಸುವಂತಿಲ್ಲ. ಕೀಟನಾಶಕ ಸಿಂಪಡಿಸಿ ಬಂದ ಸಂಜೆ ವಾಕರಿಕೆ, ಬೆವರು, ಕಣ್ಣು ಮಂಜಾಗುವುದು ಕಂಡರೆ ಅದು ಬೇರೆಯೇ ವಿಷಯ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಮತ್ತೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಚಿಕಿತ್ಸೆಯ ಮೊದಲ ವಾರಗಳಲ್ಲಿ, ಮುಖ್ಯವಾಗಿ 25 ವರ್ಷದೊಳಗಿನವರಲ್ಲಿ, ಸಾಯುವ ಯೋಚನೆಗಳು ಹೆಚ್ಚುವ ಸಂಭವವಿದೆ. ವಾಕರಿಕೆಯಿಂದ ಬಳಲಿ "ಇದೂ ಕೈಕೊಟ್ಟಿತು" ಎಂದು ಹತಾಶರಾಗುವುದೂ ಈ ದಿನಗಳಲ್ಲಿಯೇ. ಆದುದರಿಂದ ಆ ದಿನಗಳಲ್ಲಿ ವ್ಯಕ್ತಿಯನ್ನು ಒಂಟಿಯಾಗಿ ಬಿಡಬಾರದು. ಮಾತ್ರೆಗಳ ಪೊಟ್ಟಣವನ್ನು ಮನೆಯ ಹಿರಿಯರು ಇಟ್ಟುಕೊಂಡು ದಿನಕ್ಕೆ ಬೇಕಾದಷ್ಟನ್ನೇ ಕೊಡಲಿ. ಕೀಟನಾಶಕದ ಡಬ್ಬಿಗಳು ಬೀಗದೊಳಗಿರಲಿ.

ಮಹಿಳಾ ಸದಸ್ಯರಲ್ಲಿ ಒಂದು ವಿಶೇಷ ವಿನಂತಿ. ನಮ್ಮ ಊರುಗಳಲ್ಲಿ ಹೆಣ್ಣುಮಗಳೊಬ್ಬಳು ಬಚ್ಚಲಿಗೆ ಹೋಗಿ ಓಕರಿಸಿದರೆ ಅದಕ್ಕೆ ಜನ ಒಂದೇ ಅರ್ಥ ಮಾಡುತ್ತಾರೆ. ಮದುವೆಯಾದವಳಾದರೆ ನಗುತ್ತಾರೆ. ಮದುವೆಯಾಗದ ಹುಡುಗಿಯಾದರೆ, ಗಂಡನನ್ನು ಕಳೆದುಕೊಂಡವಳಾದರೆ, ಗಂಡ ದೂರದ ಊರಿಗೆ ದುಡಿಯಲು ಹೋಗಿರುವವಳಾದರೆ ಅವಳ ಗತಿ ಏನೆಂಬುದನ್ನು ತಮಗೆ ವಿವರಿಸಬೇಕಾಗಿಲ್ಲ. ತನಗೆ ಖಿನ್ನತೆಯಿದೆಯೆಂದು ಹೇಳಿಕೊಳ್ಳುವಂತಿಲ್ಲ, ಹೇಳದಿದ್ದರೆ ಅಪವಾದ ತಪ್ಪದು. ಈ ಇಕ್ಕಟ್ಟಿನಲ್ಲಿ ಮಾತ್ರೆಯನ್ನು ತಿಪ್ಪೆಗೆ ಎಸೆಯುವುದೇ ಅವಳಿಗೆ ಸುಲಭವಾಗಿ ಕಾಣುತ್ತದೆ. ಅಂತಹ ಮನೆಯ ಅತ್ತೆಗೋ ಅಕ್ಕನಿಗೋ "ಕೆಲವು ಮಾತ್ರೆಗಳಿಗೆ ಮೊದಲ ವಾರ ಹೀಗೆ ಆಗುತ್ತದಮ್ಮ, ತಾನಾಗಿ ನಿಲ್ಲುತ್ತದೆ" ಎಂದು ತಾವೊಂದು ಮಾತು ಹೇಳಿದರೆ ಸಾಕು. ಯಾವ ಕಾಯಿಲೆಗೆ ಯಾವ ಮಾತ್ರೆ ಎಂದು ಹೇಳಬೇಕಾಗಿಯೇ ಇಲ್ಲ. ನಿಜವಾಗಿ ಬಸುರಿನ ಸಾಧ್ಯತೆಯಿದ್ದರೆ ಆಶಾ ಅಕ್ಕನ ಮೂಲಕ ಗುಟ್ಟಾಗಿ ಪರೀಕ್ಷೆ ಮಾಡಿಸಿ ವೈದ್ಯರಿಗೆ ತಿಳಿಸಬೇಕು. ಬಸುರಾದೆನೆಂದು ಹೆದರಿ ತಾನಾಗಿಯೇ ಮಾತ್ರೆ ನಿಲ್ಲಿಸುವುದೂ ಸರಿಯಲ್ಲ.

ನಿಲ್ಲಿಸುವ ವಿಷಯದಲ್ಲಿ ಒಂದು ವಿಚಿತ್ರವಿದೆ. ಕೆಲವು ವಾರ ಅಥವಾ ತಿಂಗಳು ಸೇವಿಸಿದ ಮಾತ್ರೆಯನ್ನು ಏಕಾಏಕಿ ಬಿಟ್ಟರೂ ವಾಕರಿಕೆ ಬರುತ್ತದೆ. ಜೊತೆಗೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟು ಹೊಡೆದಂತಹ ಅನುಭವ. ಗುಣವಾಯಿತೆಂದು ಬಿಟ್ಟವರು ಇದನ್ನು ಕಂಡು "ಮಾತ್ರೆ ಚಟವಾಯಿತು" ಎಂದು ಹೆದರುತ್ತಾರೆ. ಹೆಂಡದ ಚಟದಂತೆ ದಿನೇ ದಿನೇ ಹೆಚ್ಚು ಬೇಕೆನ್ನಿಸುವ ಗುಣ ಈ ಮಾತ್ರೆಗಳಿಗಿಲ್ಲ. ಆದರೆ ಶರೀರ ಒಗ್ಗಿಕೊಂಡಿರುತ್ತದೆ, ಇಳಿಯುವಾಗಲೂ ಮೆಟ್ಟಿಲು ಮೆಟ್ಟಿಲಾಗಿಯೇ ಇಳಿಯಬೇಕು. ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಲು ವೈದ್ಯರು ಹೇಳುತ್ತಾರೆ. ನಡುವೆ ಸರಬರಾಜು ತಪ್ಪಿದರೆ ರೋಗಿಯ ತಪ್ಪಿಲ್ಲದೆಯೇ ಈ ತೊಂದರೆ ಉಂಟಾಗುತ್ತದೆ. ಇಲ್ಲಿ ಪಂಚಾಯಿತಿಯ ಪಾತ್ರ ಬರುತ್ತದೆ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಡೆಂಗಿ, ಚರಂಡಿ, ಫಾಗಿಂಗ್ ವಿಷಯಗಳು ಬರುತ್ತವೆ. ಅದೇ ಸಭೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಖಿನ್ನತೆಯ ಮಾತ್ರೆಗಳ ದಾಸ್ತಾನು ಇದೆಯೇ, ಎಷ್ಟು ದಿನಕ್ಕೆ ಸಾಕಾಗುತ್ತದೆ ಎಂದು ಒಂದು ಪ್ರಶ್ನೆ ಕೇಳಿ ನಡಾವಳಿಯಲ್ಲಿ ಬರೆಸಿರಿ. ಎಷ್ಟು ಮಾತ್ರೆ ಎಂಬುದು ಸಾಕು, ಯಾರಿಗೆ ಎಂಬುದು ಬೇಡ. ಉದ್ಯೋಗ ಖಾತರಿ ಕಾಮಗಾರಿಯ ಸ್ಥಳದಲ್ಲಿ ಯಾರಾದರೂ ವಾಕರಿಕೆಯಿಂದ ಕುಳಿತರೆ ಕಾರಣ ಕೆದಕದೆ ನೆರಳಿನಲ್ಲಿ ಕುಳ್ಳಿರಿಸಿ ನೀರು ಕೊಡುವಂತೆಯೂ, ಸಾಧ್ಯವಾದಷ್ಟು ಹಗುರ ಕೆಲಸ ಹಚ್ಚುವಂತೆಯೂ ಕಾಯಕ ಬಂಧುಗಳಿಗೆ ತಿಳಿಸಿರಿ.

ಗುಟ್ಟಿನ ಮಾತು ಬಂದದ್ದರಿಂದ ಹೇಳುತ್ತೇನೆ. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2017ರ 23ನೆಯ ಕಲಮು ರೋಗಿಗೆ ಗೌಪ್ಯತೆಯ ಹಕ್ಕನ್ನು ನೀಡುತ್ತದೆ, ಚಿಕಿತ್ಸೆ ನೀಡುವವರನ್ನು ಅದು ಕಟ್ಟುತ್ತದೆ. ನಮ್ಮ ನಿಮ್ಮ ಬಾಯಿಗೆ ಕಟ್ಟು ಹಾಕುವವರು ನಾವೇ. ಗ್ರಾಮಸಭೆಯಲ್ಲಿ ಒಳ್ಳೆಯ ಉದ್ದೇಶದಿಂದಲೇ "ಇಂಥವರು ಮಾತ್ರೆ ತೆಗೆದುಕೊಂಡು ಗುಣವಾಗಿದ್ದಾರೆ" ಎಂದು ಹೆಸರು ಹಿಡಿದು ಹೇಳಿದರೂ ಆ ಮನೆಯ ಸಂಬಂಧವೊಂದು ಮುರಿದುಬೀಳಬಹುದು. ವಿಚಾರಿಸಬೇಕೆನಿಸಿದರೆ ಮನೆಗೆ ಹೋಗಿ, ಬೇರೆ ಯಾವುದಾದರೂ ಕೆಲಸದ ನೆಪದಲ್ಲಿ, "ಊಟ ಸೇರುತ್ತಿದೆಯೇ ಅಣ್ಣಾ?" ಎಂದು ಕೇಳಿರಿ. ಇದು ನಮ್ಮೂರಿನಲ್ಲಿ ಯಾರನ್ನು ಬೇಕಾದರೂ ಕೇಳಬಹುದಾದ ಮಾತು. ಉತ್ತರದಲ್ಲಿ ಎಲ್ಲ ತಿಳಿಯುತ್ತದೆ. ಸೇರುತ್ತಿಲ್ಲ ಎಂದರೆ ಮಾತ್ರೆಯ ಹೊತ್ತು, ಬುತ್ತಿಯ ಹೊತ್ತು ಕೇಳಬಹುದು, ಆರೋಗ್ಯ ಕೇಂದ್ರಕ್ಕೆ ಜೊತೆಗೆ ಹೋಗಿಬರಬಹುದು.

ಮಂಗಳವಾರದ ತನಕ ಕಾಯಲಾಗದವರಿಗೆ ಟೆಲಿ ಮನಸ್ ಸಹಾಯವಾಣಿಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯ ಸಂಖ್ಯೆ 14416. ಹಗಲಿರುಳು ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಮಾತ್ರೆ ಆರಂಭಿಸಿದ ಮೇಲೆ ಹೊಟ್ಟೆ ತೊಳಸುತ್ತಿದೆ, ಏನು ಮಾಡಲಿ ಎಂದು ಕೇಳುವುದಕ್ಕೂ ಅದಕ್ಕೆ ಕರೆ ಮಾಡಬಹುದು. ಪ್ರಾಣ ಹೋಗುವಂತಹ ಸಂದರ್ಭಕ್ಕೆ ಮಾತ್ರವೆಂದು ತಿಳಿಯಬೇಕಾಗಿಲ್ಲ.

ಈ ಸಂಖ್ಯೆಯನ್ನು ಅರಿವು ಕೇಂದ್ರದ ಗೋಡೆಯ ಮೇಲೆ, ಡೇರಿಯ ಮುಂದೆ, ನ್ಯಾಯಬೆಲೆ ಅಂಗಡಿಯ ಫಲಕದ ಪಕ್ಕದಲ್ಲಿ ಬರೆಸಲು ಪಂಚಾಯಿತಿಯಲ್ಲಿ ಹೆಚ್ಚಿನ ಖರ್ಚೇನೂ ಬಾರದು. ಸಂಜೀವಿನಿ ಒಕ್ಕೂಟದ ಸಭೆಗಳಲ್ಲೂ ತಿಳಿಸಬಹುದು. ಬರೆಸುವಾಗ "ಮಾನಸಿಕ ರೋಗಿಗಳಿಗಾಗಿ" ಎಂದು ಮೇಲೆ ದಪ್ಪಕ್ಷರದಲ್ಲಿ ಬರೆಸಬೇಡಿರಿ, ಹಾಗೆ ಬರೆದ ಫಲಕದ ಮುಂದೆ ನಿಂತು ಯಾರೂ ಸಂಖ್ಯೆಯನ್ನು ಗುರುತು ಹಾಕಿಕೊಳ್ಳುವುದಿಲ್ಲ. "ಮನಸ್ಸಿಗೆ ಬೇಸರವೇ? ನಿದ್ದೆ, ಊಟ ಸೇರುತ್ತಿಲ್ಲವೇ? 14416" ಎಂದಿದ್ದರೆ ಸಾಕು.

ತಮ್ಮ ಪ್ರಶ್ನೆಗಳಿಗೆ ತಾಲ್ಲೂಕು ಆಸ್ಪತ್ರೆಯಿಂದ ಬಂದಿರುವ ವೈದ್ಯಾಧಿಕಾರಿಗಳು ಈಗ ಉತ್ತರಿಸಲಿದ್ದಾರೆ. ಬಹಿರಂಗವಾಗಿ ಕೇಳಲು ಸಂಕೋಚವಿರುವವರು ಚೀಟಿಯಲ್ಲಿ ಹೆಸರಿಲ್ಲದೆ ಬರೆದು ಕೊಡಬಹುದು, ಚೀಟಿಗಳು ಹಾಜರಾತಿ ಪುಸ್ತಕದ ಪಕ್ಕದಲ್ಲಿವೆ.